ನಾನು ಮಾಡಿದ ಹನ್ನೊಂದು ಅನಾರ್‌ಗಳು

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಇದು ನಿಮಗೆ ಗೊತ್ತಿರುವ ಸಂಗತಿಯೇ, ಮೊಮ್ಮಕ್ಕಳೇ. ಬಸ್ಸಿನಲ್ಲಿ ನಮ್ಮೂರು ಬಂದಾಗ 'ಇಳಸ್ರಿ' ಎಂದು ಕೂಗಲಾಗದೆ, ಮುಂದಿನ ಊರಿನಲ್ಲಿ ಯಾರೋ ಇಳಿಯುವಾಗ ಅವರ ಹಿಂದೆ ಇಳಿದು, ಮೂರು ಮೈಲಿ ನಡೆದು ವಾಪಸು ಬಂದವಳು ನಾನು. ಇಂಥವಳಿಗೆ ದೇವರು ಕೌದಿ ಹೊಲಿಯುವ ಹುಚ್ಚು ಕೊಡಬಹುದಿತ್ತು. ಸಂಡಿಗೆಯ ಹುಚ್ಚಾದರೂ ಆಗುತ್ತಿತ್ತು, ನಾಲ್ಕು ಜನ ತಿಂದು ಹೊಗಳುತ್ತಿದ್ದರು. ಕೊಟ್ಟದ್ದು ಮಾತ್ರ ಮದ್ದಿನ ಹುಚ್ಚು. ಗುಳಿಗೆಯ ಮದ್ದಲ್ಲ, ಸುಡುವ ಮದ್ದು.

ಇದಕ್ಕೆ ಮಾದನಹಿಪ್ಪರಗಾದ ನನ್ನ ಸೋದರಮಾವ ಕಾರಣ. ಹೊಲದ ಕೆಲಸ ಮುಗಿದ ಮೇಲೆ ಆತ ಖುಷಿಗಾಗಿ ಅನಾರ್ ಮಾಡುತ್ತಿದ್ದ. ಅನಾರ್ ಎಂದರೆ ಮುಷ್ಟಿಯಷ್ಟು ದೊಡ್ಡ ಮಣ್ಣಿನ ಕುಡಿಕೆ. ಅದರ ಬಾಯಿಗೆ ಕಿಡಿ ಮುಟ್ಟಿಸಿದರೆ ಬೆಂಕಿಯ ಹೂ ಉಕ್ಕಬೇಕು. ಪಟಾಕಿಯ ಹಾಗೆ ಅದು ಢಂ ಎಂದು ಊರೆಬ್ಬಿಸುವುದಿಲ್ಲ. ಸದ್ದಿಲ್ಲದೆ ಏಳುತ್ತದೆ, ಅರಳುತ್ತದೆ, ಜನ 'ಅಬಾಬಾ' ಎನ್ನುವಷ್ಟರಲ್ಲಿ ಸುಮ್ಮನಾಗುತ್ತದೆ. ನನ್ನಂಥವಳಿಗೆ ಹೇಳಿ ಮಾಡಿಸಿದ್ದು ಎಂದು ಎಂಟನೆಯ ವಯಸ್ಸಿನಲ್ಲೇ ನಿರ್ಧರಿಸಿಬಿಟ್ಟೆ. ನಾನು ಬಾಯಿ ಬಿಡದಿದ್ದರೂ ನನ್ನ ಅನಾರ್ ಒಂದು ಸಲವಾದರೂ ಎಲ್ಲರ ಮುಂದೆ ಬಾಯಿ ಬಿಡಬೇಕು ಎಂಬುದೊಂದೇ ಆಸೆ.

ಮದುವೆಯಾಗಿ ಕರಜಗಿಗೆ ಬಂದೆ. ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ಅಲ್ಲಿ ಶಾಲೆಯ ಮಾಸ್ತರರು. ನನ್ನ ಹುಚ್ಚನ್ನು ಕೇಳಿ ಬೈಯಲಿಲ್ಲ, ಅದೇ ಆಶ್ಚರ್ಯ. ಮದ್ದಿನ ಇದ್ದಿಲಿಗೆ ನಮ್ಮ ಹೊಲದ ತೊಗರಿ ಕಟ್ಟಿಗೆಯೇ ಆಗಬೇಕು, ಬೇರೆಯದು ನಡೆಯುವುದಿಲ್ಲ ಎಂದು ಸೋದರಮಾವ ಹೇಳಿದ್ದ. ಉಳಿದ ಸಾಮಾನು ಯಾವುದು, ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮೈಯಲ್ಲಿ ಹರಿಯುವುದು ನನ್ನದೇ ರಕ್ತ. ಇದ್ದಿಲು ಕುಟ್ಟಿ ಕುಟ್ಟಿ ಕೈ ಕಪ್ಪು, ಆ ಕೈಯಲ್ಲಿ ತಟ್ಟಿದ ರೊಟ್ಟಿಯೂ ಕಪ್ಪು. ಪಕ್ಕದ ಮನೆಯ ಗುರವ್ವ, 'ಏನ್ ಬೇ, ಹೆಂಚು ತೊಳ್ಯಾದು ಬಿಟ್ಟೇನು?' ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಇಷ್ಟೆಲ್ಲ ಆದರೂ ಅನಾರ್ ಹತ್ತಬೇಕಲ್ಲ! ಮೊದಲ ವರ್ಷ ಕುಡಿಕೆಗಳು 'ಸುರ್' ಎಂದು ಹೊಗೆ ಬಿಟ್ಟು ಮಲಗಿದವು. ಎರಡನೆಯ ವರ್ಷ ಅಷ್ಟೂ ಮಾಡಲಿಲ್ಲ, ಮುದುಕರಂತೆ ಕೆಮ್ಮಿದವು. ಮಾವನ ಲೆಕ್ಕವೇ ತಪ್ಪೋ, ನನ್ನ ಕೈಗುಣವೇ ಹಾಳೋ ತಿಳಿಯದೆ ಮೂಲೆಯಲ್ಲಿ ಕುಳಿತು ಅಳುತ್ತಿದ್ದೆ. ನಿಮ್ಮ ಮುತ್ಯಾ, 'ಈ ಸಲ ಹೊಗಿ ಭಾಳ ಛಲೋ ಬಂತು ನೋಡು' ಎಂದು ಸಮಾಧಾನ ಮಾಡುತ್ತಿದ್ದರು. ದೇವರಿಗೂ ಕಡಿಮೆ ಮಾಡಿರಲಿಲ್ಲ. ನಮ್ಮ ಮನೆಯಲ್ಲಿ ಹೊಸ ಕೊಡವಿರಲಿ, ಮೊರವಿರಲಿ, ಸೈಕಲ್ಲೇ ಇರಲಿ, ಮೂರು ಬೆರಳಿನಿಂದ ವಿಭೂತಿ ಎಳೆದು ಪೂಜೆಯ ನೀರು ಚಿಮುಕಿಸದೆ ಬಳಸುವ ಪದ್ಧತಿ ಇರಲಿಲ್ಲ. ಪೂಜೆಗೆ ಕುಳಿತರೆ ಎರಡು ನಿಮಿಷಕ್ಕೆ ಏಳುವ ನಿಮ್ಮ ಮುತ್ಯಾನಿಗೆ ಅನಾರ್ ವಿಷಯದಲ್ಲಿ ಮಾತ್ರ ಎಲ್ಲಿಲ್ಲದ ಭಕ್ತಿ. ತಾವೇ ತಂಬಿಗೆ ಹಿಡಿದು, ನಾನು ಕುಡಿಕೆ ಜೋಡಿಸಿಟ್ಟ ಅಟ್ಟ ಹತ್ತಿ, ಒಂದೊಂದಕ್ಕೂ ನೀರು ಹಾಕಿ ಬರುತ್ತಿದ್ದರು.

ಹೀಗೇ ವರ್ಷ ಕಳೆದು ನಿಮ್ಮ ಅವ್ವ ಮಹಾದೇವಿಯ ಮದುವೆ ಜೇವರ್ಗಿಗೆ ಆಯಿತು. ಅಳಿಯನ ಮೊದಲ ದೀಪಾವಳಿ. ಕರೆಯಲು ಹೋದ ನಿಮ್ಮ ಮುತ್ಯಾ ಬೀಗರ ಪಡಸಾಲೆಯಲ್ಲಿ ಕುಳಿತು, 'ಪಟಾಕಿ ಗಿಟಾಕಿ ತರಬ್ಯಾಡ್ರಿ. ನಮ್ಮ ಮನ್ಯಾಕಿ ಮಾಡೋ ಅನಾರ್ ಜಿಲ್ಲಾದಾಗ ಯಾರೂ ಮಾಡಂಗಿಲ್ಲ' ಎಂದುಬಿಟ್ಟರು. ಮಹಾದೇವಿ ಹಬ್ಬಕ್ಕೆ ಬಂದವಳೇ ನನ್ನ ಸೆರಗು ಹಿಡಿದಳು. 'ಅವ್ವಾ, ನಮ್ಮತ್ತಿ ಬಾಯಿ ನಿನಗ ಗೊತ್ತಿಲ್ಲ. ಇದೊಂದು ಸಲ ಮಾನ ಉಳಸಬೇ. ಹತ್ತಲಿಲ್ಲಂದ್ರ ನಾ ಜೀವನಪೂರ್ತಿ ಕೇಳಬೇಕಾಗ್ತದ.' ಅವಳತ್ತೆ ಎಂದರೆ ನಿಮ್ಮ ಜೇವರ್ಗಿ ಆಯಿ. ಆ ಬಾಯಿಯನ್ನು ನಾನು ವರ್ಣಿಸಬೇಕಾಗಿಲ್ಲ.

ಉಸಿರು ಬಿಗಿಹಿಡಿದು ಹನ್ನೊಂದು ಅನಾರ್ ಮಾಡಿದೆ. ಹಬ್ಬದ ಸಂಜೆ ಎಣಿಸಿದರೆ ಹತ್ತೇ ಇದ್ದವು. ಹುಡುಕಲು ಹೊತ್ತೆಲ್ಲಿ? ಬೀಗಿತಿ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಾಗಿತ್ತು. ಅಳಿಯ ಹೊಸ ಪಂಚೆ ಮೇಲೆತ್ತಿಕೊಂಡು ಮೊದಲನೆಯದಕ್ಕೆ ಕಿಡಿ ಮುಟ್ಟಿಸಿದ. ಸುರ್... ಹೊಗೆ. ಎರಡನೆಯದು ಹೊಗೆ. ಐದನೆಯದರ ಹೊತ್ತಿಗೆ ಬೀಗಿತಿ ಕೆಮ್ಮುತ್ತ, 'ಅಕ್ಕಾರ, ಒಂದು ಸೊಳ್ಳಿ ಉಳೀಲಿಲ್ಲ ನೋಡ್ರಿ. ಮುಂದಿನ ವರ್ಷ ನಮ್ಮ ದನದ ಕೊಟ್ಟಿಗಿಗೂ ನಾಕು ಕೊಟ್ಟು ಕಳಸ್ರಿ' ಎಂದಳು. ಅಂಗಳವೆಲ್ಲ ನಕ್ಕಿತು. ಮಹಾದೇವಿ ಹೋಳಿಗೆ ಬಡಿಸುವ ನೆಪದಲ್ಲಿ ಒಳಗೆ ಓಡಿದಳು. ಹತ್ತನೆಯದೂ ಹೊಗೆಯಾದ ಮೇಲೆ ನಾನು ಭೂಮಿ ಬಾಯ್ಬಿಡಲಿ ಎಂದು ಬೇಡಿಕೊಂಡೆ. ನನ್ನ ಹಣೆಬರಹಕ್ಕೆ ಅದೂ ಬಾಯಿ ಬಿಡಲಿಲ್ಲ.

ಬೀಗರು ಹೋದ ಮರುದಿನ ಅಟ್ಟ ಗುಡಿಸುವಾಗ ಹನ್ನೊಂದನೆಯದು ತೊಗರಿಯ ಗಡಿಗೆಯ ಹಿಂದೆ ಉರುಳಿ ಬಿದ್ದಿತ್ತು. ಸಿಟ್ಟು ಬಂತು. ಹಾಡುಹಗಲು ಹಿತ್ತಲಿಗೆ ಒಯ್ದು ಕಿಡಿ ಮುಟ್ಟಿಸಿದೆ. ಏನು ಹೇಳಲಿ! ಬೆಂಕಿಯ ಹೂ ಮಾಳಿಗೆ ದಾಟಿ ಎದ್ದಿತು. ಒಣಹಾಕಿದ್ದ ನಿಮ್ಮ ಮುತ್ಯಾನ ಒಳ್ಳೆಯ ಧೋತರಕ್ಕೆ ಏಳೆಂಟು ತೂತು ಬಿದ್ದವು. ಅವರು ತುಂಬಿದ ಕೊಡ ಹೊತ್ತು ಓಡಿಬಂದರು. ಗಾಬರಿಯಲ್ಲಿ ಅವರ ಬಾಯಿ ಜಾರಿತು: 'ಇದಕ್ಕ ನೀರು ಮುಟ್ಟಿರಲಿಲ್ಲೇನು?'

ನಾನು ಕೊಡ ಇಸಿದುಕೊಂಡು ಕೆಳಗಿಟ್ಟೆ. ಆಮೇಲೆ ಅವರೇ, ಕೊಡದ ಕಡೆ ನೋಡುತ್ತ, 'ನಿನ್ನ ಕಣ್ಣಿಗೊಂದು ಕಿಡಿ ಸಿಡದ್ರ ನಾ ಏನು ಮಾಡ್ಲಿ? ಬ್ಯಾಡನ್ನಾಕ ಬಾಯಿ ಬರಲಿಲ್ಲ' ಎಂದರು. 'ಮತ್ತ ಬೀಗರ ಮುಂದ ಅಷ್ಟು ಯಾಕ ಹೊಗಳಿದ್ರಿ?' ಎಂದೆ. 'ಅದು ಬಾಯಿಗೆ ತಾನ ಬಂತು' ಎಂದರು. ಮಗಳ ಮಾನ ಹೊಗೆಯಾಗಿ ಹೋಗಿತ್ತು. ಇವತ್ತಿಗೂ ಜೇವರ್ಗಿಯಲ್ಲಿ ನಿಮ್ಮ ಅಪ್ಪನ ಸ್ಕೂಟರ್ ಚಾಲೂ ಆಗದಿದ್ದರೆ ಅದಕ್ಕೆ 'ಕರಜಗಿ ಅನಾರ್' ಎನ್ನುತ್ತಾರಂತೆ. ಜಗಳಾಡಬೇಕಿತ್ತು ನಾನು. ಧೋತರದ ತೂತು ಹೊಲಿಯುತ್ತ ಕುಳಿತೆ.

ಮುಂದೆಯೂ ಪ್ರತಿ ದೀಪಾವಳಿಗೆ ಮಾಡಿದೆ. ಅವರು ತಂಬಿಗೆ ಹಿಡಿದು ಅಟ್ಟ ಹತ್ತಿದರು. ಇಬ್ಬರೂ ಏನೂ ಅರಿಯದವರಂತೆ ಹೊಗೆ ನೋಡಿದೆವು. ಅವರು ತೀರಿಹೋದ ಮೇಲೆ ನಿಲ್ಲಿಸಿದೆ. ನೀರು ಹಾಕುವವರಿಲ್ಲದ ಮನೆಯಲ್ಲಿ ಬೆಂಕಿ ಮಾಡುವ ಧೈರ್ಯ ನನಗಿಲ್ಲ.

ಈಗ ಅಸಲು ಮಾತು. ಹೋದ ದೀಪಾವಳಿಯಲ್ಲಿ ನೀವು ತಂದ ಪಟಾಕಿ ಒಂದೂ ಹತ್ತಲಿಲ್ಲ ಎಂದು ಅಫಜಲಪುರದ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು ಬಂದಿರಲ್ಲ, ಪಾಪ, ಅವನು ಬೇರೆ ಡಬ್ಬಿ ಕೊಟ್ಟು ಕಳಿಸಿದ, ಅದೂ ಹತ್ತಲಿಲ್ಲ. ತಪ್ಪು ಅವನದಲ್ಲ. ನಿಮ್ಮ ಮುತ್ಯಾನ ತಂಬಿಗೆ ಇನ್ನೂ ದೇವರ ಕೋಣೆಯಲ್ಲೇ ಇದೆ, ನನ್ನ ಕೈಗೂ ಎಟುಕುತ್ತದೆ. ಅವನಿಗೆ ಹೇಳಿ ಬರೋಣವೆಂದು ಬಸ್ಸು ಹತ್ತಿ ನಾಲ್ಕು ಸಲ ಆ ಅಂಗಡಿಯ ಮುಂದೆ ಹೋಗಿ ನಿಂತೆ. 'ಏನ್ ಬೇಕ್ರಿ ಅಮ್ಮಾ?' ಎಂದ. ನಾಲ್ಕು ಸಲವೂ ಬಾಯಿ ಬರದೆ ಕಡ್ಡಿಪೆಟ್ಟಿಗೆ ಕೊಂಡು ತಿರುಗಿ ಬಂದೆ.