ಮಾವ ತಂದ ಬಾಟಲಿ

ನಮ್ಮ ಸೋದರಮಾವನಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಸ್ವಲ್ಪವಂತೆ, ಸ್ವಲ್ಪ! ಗೋವಾದ ಈ ಇಡೀ ಝುವಾರಿನಗರದಲ್ಲಿ ಅವನಷ್ಟು ಪೂರ್ತಿಯಾಗಿ, ಮನಸ್ಸಿಟ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿದ್ದರೆ ತೋರಿಸಿ. ನಮ್ಮ ಮನೆತನದ ಹೆಮ್ಮೆ ಅವನು!

ಬಂದರಿನಲ್ಲಿ ಮೂಟೆ ಹೊರುವ ಮಾವ ಒಂದು ಸಂಜೆ ಟವೆಲಿನಲ್ಲಿ ಸುತ್ತಿದ ಬಾಟಲಿಯನ್ನು ಎದೆಗವಚಿಕೊಂಡು ಓಣಿಗೆ ಬಂದ. ಗೋವಾದಲ್ಲಿ ಗಂಡ ಹೀಗೆ ಬಾಟಲಿ ತಂದರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು? ಕಟ್ಟಡದ ಕೆಲಸದಿಂದ ಬಂದು ತಲೆಯ ಸಿಮೆಂಟು ಕೊಡವುತ್ತಿದ್ದ ಅತ್ತೆ ಎದ್ದು ನಿಂತಳು.

“ಇಷ್ಟ ವರ್ಷ ಮುಟ್ಟಲಿಲ್ಲ, ಈಗ ಸುರು ಮಾಡಿದ್ರೇನ?”

“ಕುಡಿಯೂದಲ್ಲ ಇದು. ಇದರಾಗ ಕೂಸುಗಳದಾವ!”

ಇದ್ದದ್ದು ಆರ್ಕಿಡ್ ಸಸಿಗಳು. ಜೆಲ್ಲಿಯಲ್ಲಿ ಬೇರೂರಿದ, ಹಲ್ಲಿಯ ಬೆರಳಿನಷ್ಟು ಸಣ್ಣ ಹಸಿರು ಎಳೆಗಳು. ಬಾಟಲಿಯ ಕೊರಳು ಕಿರಿದು, ಒಡೆದೇ ತೆಗೆಯಬೇಕು. ಮಾವ ಒಡೆದ. ಸದ್ದು ಕೇಳಿದ್ದೇ ತಡ, ಗಂಡಹೆಂಡಿರ ಜಗಳ ಬಿಡಿಸಲು ಓಣಿಗೆ ಓಣಿಯೇ ಓಡಿಬಂತು! ಬಂದು ನೋಡಿದರೆ ಇಬ್ಬರೂ ಕೂತು ಸಸಿಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ.

ಇನ್ನು ನೆಡುವ ಹೊತ್ತಿಗೆ ನಮ್ಮವರ ಬುದ್ಧಿ ಎಲ್ಲಿಗೆ ಹೋಗುತ್ತದೆ? ನೇರ ನಮ್ಮೂರು ವಿಜಯಪುರಕ್ಕೆ! ಇಲ್ಲಿಯ ಕೆಂಪು ಮಣ್ಣನ್ನು ನಂಬದ ಮಾವ ಊರಿನಿಂದ ಬಸ್ಸಿನಲ್ಲಿ ಒಂದು ಚೀಲ ಕಪ್ಪು ಎರೆಮಣ್ಣು ತರಿಸಿದ.

“ನಮ್ಮ ಎರಿಮಣ್ಣಾಗ ಗೂಟಾ ಬಡದ್ರೂ ಚಿಗೀತೈತಿ!” ಎಂದು ಸಾರಿದ.

ಗೂಟ ಚಿಗುರುತ್ತಿತ್ತೋ ಏನೋ, ಸಸಿಗಳು ಕೊಳೆತವು. ಮಾರಿದ ನರ್ಸರಿಯವನು ಹಣೆ ಚಚ್ಚಿಕೊಂಡು ಕೊಂಕಣಿಯಲ್ಲಿ, “ಮಾತಿ ನಾಕಾ ರೇ ಬಾಬಾ!” ಎಂದ. ಈ ಗಿಡಕ್ಕೆ ಮಣ್ಣೇ ಬೇಡವಂತೆ! ಇದ್ದಿಲು, ತೆಂಗಿನ ಸಿಪ್ಪೆ, ಗಾಳಿ ಇದ್ದರೆ ಸಾಕಂತೆ. ರೈತನ ಮಗನಿಗೆ ಇದಕ್ಕಿಂತ ಅವಮಾನ ಉಂಟೆ? ಅವತ್ತು ಮಾವ ರೊಟ್ಟಿ ಮುಟ್ಟಲಿಲ್ಲ.

ಉಳಿದದ್ದು ಒಂದೇ ಸಸಿ. ಅದನ್ನು ಇದ್ದಿಲು ತುಂಬಿದ ತೆಂಗಿನ ಚಿಪ್ಪಿನಲ್ಲಿ ಕೂರಿಸಿ, ಬಾಗಿಲ ಮುಂದಿನ ತಗಡಿನ ಮಾಡಿಗೆ ಹಗ್ಗದಿಂದ ತೂಗುಹಾಕಿದ. ಆಮೇಲೆ ಶುರುವಾಯಿತು ಸೇವೆ! ಬೆಳಿಗ್ಗೆ ಎಲೆ ಒರೆಸುವುದು, ದೃಷ್ಟಿಯಾಗದಿರಲೆಂದು ಚಿಪ್ಪಿಗೆ ಕಾಡಿಗೆ ಬೊಟ್ಟು, ಬಿಸಿಲೇರಿದರೆ ಅತ್ತೆಯ ಹಳೆ ಸೀರೆಯ ನೆರಳು. ಊರಿನಲ್ಲಿ ನಡೆದ ನಮ್ಮ ಅಕ್ಕನ ಮದುವೆಗೂ ಅದು ಬಸ್ಸಿನಲ್ಲಿ ಬಂತು. ಕಿಟಕಿಯ ಸೀಟು ಯಾರಿಗೆ? ಗಿಡಕ್ಕೆ!

ವರ್ಷಗಳು ಹೋದವು, ಹೂವಿನ ಸುದ್ದಿಯೇ ಇಲ್ಲ. “ಏನ್ರಿ, ಕೂಸು ಮಾತಾಡಾಕತ್ತೈತೇನ್ರಿ?” ಎಂದು ಓಣಿಯವರು ಕೆಣಕುತ್ತಿದ್ದರು. ಪಕ್ಕದ ಮನೆಯಲ್ಲೇ ಇರುವ ನನಗೆ, ಇದು ಹೂ ಬಿಡದಿದ್ದರೆ ಮಾವನ ಮಾನ ಏನಾದೀತೆಂಬ ಚಿಂತೆ. ಅತ್ತೆಯದು ಬೇರೆಯೇ ರಾಗ.

“ಬಿಟ್ರೂ ನನಗೇನ ಉಪಯೋಗ? ದಿನಾ ಬುಟ್ಟಿ ಹೊರೂ ತಲಿ ನಂದು. ಮಲ್ಲಿಗಿ ಮುಡಕೊಂಡು ಹೋದ್ರ ಮಧ್ಯಾಹ್ನದಾಗ ಬಾಡಿ ಹೋಗತೈತಿ. ಹೂವಿನ ಆಸೇನ ಬಿಟ್ಟು ಭಾಳ ವರ್ಷ ಆತು.”

ಮಾವ ಗಿಡಕ್ಕೆ ನೀರು ಚಿಮುಕಿಸುತ್ತಿದ್ದ.

ಈ ಸಲ ಮಳೆ ನಿಂತ ಮೇಲೆ ಮೊಗ್ಗು ಬಂತು. ನೇರಳೆ ಹೂಗಳ ಗೊಂಚಲು ಬಿರಿಯಿತು! ಕೆಣಕಿದವರೆಲ್ಲ ಸಾಲುಗಟ್ಟಿ ಬಂದು ಫೋಟೋ ತೆಗೆದುಕೊಂಡರು. ನಾನೇ ಬೆಳೆಸಿದವನಂತೆ ಎದೆಯುಬ್ಬಿಸಿ ಎಲ್ಲರಿಗೂ ವಿವರಿಸಿದೆ. ವಾರಗಳಾದರೂ ಒಂದು ಹೂವೂ ಬಾಡಲಿಲ್ಲ.

ಒಂದು ಸಂಜೆ ಅತ್ತೆ ಕೆಲಸದಿಂದ ಬಂದು, ಒಲೆಯ ಮೇಲೆ ಅನ್ನಕ್ಕಿಟ್ಟು ಹೊಸ್ತಿಲಲ್ಲಿ ಕೂತಳು. ಮಾವ ಹಗ್ಗ ಬಿಚ್ಚಿ, ಹೂಗಳು ಅವಳ ತುರುಬಿಗೆ ತಾಗುವಷ್ಟು ಚಿಪ್ಪನ್ನು ಮೆಲ್ಲಗೆ ಕೆಳಗಿಳಿಸಿದ.

“ಏನ್ ಮಾಡಾಕತ್ತೀರಿ?”

“ಅಲ್ಲಾಡಬ್ಯಾಡ. ಕೀಳೂದಿಲ್ಲ, ಹಿಂಗ ಮುಡಿ. ನೀ ಕೆಲಸದಿಂದ ಬರೂತನಾ ಕಾಯೂ ಹೂವು ಬೇಕಾಗಿತ್ತು ನನಗ. ಅದಕ್ಕ ತಂದಿದ್ದೆ.”

ಅತ್ತೆ ತಲೆ ಅಲ್ಲಾಡಿಸದೆ ಕೂತಳು. ಮಾವ ಹಗ್ಗ ಹಿಡಿದು ನಿಂತೇ ಇದ್ದ. ಒಳಗೆ ಅನ್ನ ಸೀಯುತ್ತಿತ್ತು. ನಾನೇ ಹೋಗಿ ಗ್ಯಾಸ್ ಆರಿಸಿದೆ.