ಡೀಸೆಲ್ ಬಂಡಿಯ ಫೋಟೋ

ಅಮರೇಶಪ್ಪನಿಗೆ ಎಚ್ಚರವಾದಾಗ ಗಂಟೆ ಎಂಟು. ಎಂಟೂವರೆಗೆ ಅವನು ಹೈದರಾಬಾದಿನ ನಾಚಾರಂನ ಪೈಪಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ಬಾಗಿಲು ತೆಗೆಯಬೇಕಾಗಿತ್ತು; ಮಲಗಿದ್ದು ಮುಕ್ಕಾಲು ಗಂಟೆ ದೂರದ ಬೊಲಾರಂನ ಮನೆಯಲ್ಲಿ. ಆದರೂ ಗಾಬರಿಯಾಗಲಿಲ್ಲ. ಆರಾಮಾಗಿ ಒಂದು ಆಕಳಿಕೆ ತೆಗೆದು, ಫೋನ್ ಹಚ್ಚಿ, ಹನ್ನೊಂದು ವರ್ಷದಿಂದ ಹೇಳುತ್ತ ಬಂದದ್ದನ್ನೇ ಹೇಳಿದ.

"ಮೇಡಂ, ಡೀಸೆಲ್ ಬಂಡಿ ಕೆಟ್ಟು ನಿಂತೈತ್ರಿ. ನಡುದಾರ್ಯಾಗ ಸಿಕ್ಕೊಂಡೀನಿ."

ಈ ನೆಪವನ್ನು ಅವನು ರಾಯಚೂರಿನ ಕಡೆಯಿಂದ ಬರುವಾಗಲೇ ಟ್ರಂಕಿನಲ್ಲಿ ಬಟ್ಟೆಯ ಜೊತೆ ಹಾಕಿಕೊಂಡು ಬಂದಿದ್ದ. ಅವನ ಊರಲ್ಲಿ ಬಂಡಿ ಕೆಟ್ಟಿತ್ತು ಎಂದರೆ ಹೆಡ್ಮಾಸ್ತರರೂ ಬೈಯುತ್ತಿರಲಿಲ್ಲ, ಬೀಗರೂ ಮುನಿಯುತ್ತಿರಲಿಲ್ಲ. ಹೈದರಾಬಾದಿನಲ್ಲೂ ಅದು ಚೆನ್ನಾಗಿಯೇ ನಡೆಯಿತು. ಬೊಲಾರಂ–ಮೇಡ್ಚಲ್ ಕಡೆ ಹಳೆಯ ಡೀಸೆಲ್ ಲೋಕಲ್ ರೈಲು ಓಡುತ್ತಿದ್ದುದು ನಿಜ. ಕಾರ್ಖಾನೆಯ ಉಳಿದವರೆಲ್ಲ ಕರೆಂಟಿನ ಬಂಡಿ ಇದ್ದ ಕಡೆಯವರು, ಇಲ್ಲವೇ ಬಸ್ಸಿನವರು, ವಿಚಾರಿಸುವವರೇ ಇರಲಿಲ್ಲ. ಅಮರೇಶಪ್ಪ ಮಾತ್ರ ಒಂದು ದಿನವೂ ಆ ಬಂಡಿ ಹತ್ತಿದವನಲ್ಲ. ಅವನು ಹೋಗುತ್ತಿದ್ದುದು ಸ್ಕೂಟರಿನ ಮೇಲೆ.

ಆದರೆ ಮ್ಯಾನೇಜರ್ ನೇತ್ರಾ ಬೆಂಗಳೂರಿನಿಂದ ಹೊಸದಾಗಿ ಬಂದವರು. ಬಂದ ಕೂಡಲೇ ಹೈದರಾಬಾದಿನ ರೈಲು ದಾರಿಗಳನ್ನೆಲ್ಲ ತಿಳಿದುಕೊಂಡಿದ್ದರು.

"ಡೀಸೆಲ್ ಬಂಡೀನಾ? ಆ ಲೈನಿಗೆ ಕರೆಂಟ್ ಬಂದು ಎಷ್ಟು ಕಾಲ ಆಯ್ತು ಅಮರೇಶಪ್ಪನವ್ರೇ!"

ಸ್ಟೇಷನ್ನಿಗೆ ಹೋಗಿದ್ದರೆ ತಾನೆ ತಲೆಯ ಮೇಲಿನ ತಂತಿ ಕಾಣುವುದು! ಅಮರೇಶಪ್ಪ ಹಾಸಿಗೆಯಲ್ಲಿ ಎದ್ದು ಕೂತ. "ಒಂದು ಹಳೇದು ಉಳದೈತ್ರಿ ಮೇಡಂ. ಇವತ್ತ ಅದನ್ನ ಬಿಟ್ಟಾರ."

"ಹಾಗಾದ್ರೆ ಅದರ ಫೋಟೋ ಕಳಿಸಿ. ಹನ್ನೊಂದಕ್ಕೆ ಹೆಡ್ಡಾಫೀಸಿನ ಸಾಹೇಬರು ಬರ್ತಾರೆ. ಸ್ಟೋರ್ಸ್ ಇನ್‌ಚಾರ್ಜ್ ಕೆಲಸಕ್ಕೆ ನಿಮ್ಮ ಹೆಸರು ಬರೆದಿದ್ದೀನಿ. ಫೋಟೋ ಬರಲಿಲ್ಲ ಅಂದ್ರೆ ಚೇತನಕುಮಾರನ ಹೆಸರು ಬರೀತೀನಿ."

ಚೇತನಕುಮಾರ ಹೋದ ವರ್ಷ ಸೇರಿದವನು. ನಟ್ಟು ಯಾವುದು ಬೋಲ್ಟು ಯಾವುದು ಎಂದು ಅವನಿಗೆ ತೋರಿಸಿಕೊಟ್ಟವನೇ ಅಮರೇಶಪ್ಪ. ಆ ಇನ್‌ಚಾರ್ಜ್ ಕುರ್ಚಿಗಾಗಿ ಹನ್ನೊಂದು ವರ್ಷ ಕಾದಿದ್ದವನಿಗೆ ಈಗ ನಿಜವಾಗಿಯೂ ಅಳು ಬಂತು.

"ಯಾಕ್ರೀ, ಮುಂಜಾನಿ ಮುಂಜಾನಿ ಮಾರಿ ಸಣ್ಣದಾಗೈತಿ?" ಎನ್ನುತ್ತ ಹೆಂಡತಿ ಗಿರಿಜಾಬಾಯಿ ಒಳಗೆ ಬಂದಳು. ವಿಷಯ ಕೇಳಿ, ಮೇಲಿನ ಮನೆಯ ಜಯತೀರ್ಥರನ್ನು ಕೂಗಿದಳು. ಬಂಗಾರಪೇಟೆ ಕಡೆಯ ಈ ಮನುಷ್ಯ ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕರೆಯದಿದ್ದರೂ ಬರುತ್ತಿದ್ದರು. ಇನ್ನು ಕರೆದರೆ ಕೇಳಬೇಕೆ? ಒಂದೇ ಚಪ್ಪಲಿಯಲ್ಲಿ ಇಳಿದು ಬಂದರು.

"ಡೀಸೆಲ್ ಬಂಡೀನಾ? ಅದನ್ನ ನಮ್ಮ ಬಂಗಾರಪೇಟೆ–ಕೋಲಾರದ ಕಡೆ ನೋಡ್ಬೇಕು ಕಣ್ರೀ! ಟೊಮೇಟೊ ಬುಟ್ಟಿ, ಕೋಳಿ, ಮೇಷ್ಟ್ರು ಎಲ್ಲಾ ಒಂದೇ ಡಬ್ಬೀಲಿ. ನಿಮ್ಮ ಮೇಡ್ಚಲ್‌ದೂ ಒಂದು ಬಂಡಿಯಾ?"

ಹತ್ತದ ಬಂಡಿಯ ಮೇಲೂ ಅಮರೇಶಪ್ಪನಿಗೆ ಅಭಿಮಾನ ಉಕ್ಕಿತು. "ನಮ್ಮದೇನ್ ಕಮ್ಮಿ ಇತ್ರಿ? ಹೊಗಿ ಬಿಟ್ರ ಅರ್ಧ ಬೊಲಾರಂ ಕಾಣ್ತಿರಲಿಲ್ಲ!"

"ಹೊಗೆ ವಿಷಯ ನನ್ನ ಹತ್ರ ಮಾತಾಡ್ಬೇಡಿ ನೀವು."

ಹತ್ತು ನಿಮಿಷ ಹೀಗೇ ಹೋಯಿತು. ಗಿರಿಜಾಬಾಯಿ ತಾಟು ಕುಕ್ಕಿದಳು. "ಬಂಡಿ ಯಾವ ಊರಾಗರ ಓಡ್ಲಿ, ಫೋಟೋ ಐತೋ ಇಲ್ಲೋ ಅದನ್ನ ಹೇಳ್ರಿ!"

ಫೋಟೋ ಇತ್ತು. ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಬಂಗಾರಪೇಟೆಗೆ ಹೋದಾಗ ಜಯತೀರ್ಥರೇ ತೆಗೆದದ್ದು. ಡೀಸೆಲ್ ಬಂಡಿ, ಮೇಲೆ ಕಪ್ಪು ಹೊಗೆ, ಪ್ಲಾಟ್‌ಫಾರಂ ತುಂಬ ಜನ. ಮೂವರೂ ಫೋನಿಗೆ ಮೂಗು ತಾಗಿಸಿ ಪರೀಕ್ಷೆಗೆ ಕೂತರು. ಮೊದಲು ಸ್ಟೇಷನ್ ಹೆಸರಿನ ಹಲಗೆ ಕತ್ತರಿಸಿದರು. ಮೂಲೆಯಲ್ಲಿ ಕರ್ನಾಟಕದ ನಂಬರಿನ ಆಟೋ ಇತ್ತು, ಅದೂ ಹೋಯಿತು. "ಈಕಿ ಇಷ್ಟು ಕನಕಾಂಬರ ಮುಡಕೊಂಡಾಳ, ಈಕಿನ್ನೂ ತಗೀರಿ," ಎಂದು ಗಿರಿಜಾಬಾಯಿ ಹೆಂಗಸೊಬ್ಬಳನ್ನೂ ಹೊರಗೆ ಹಾಕಿಸಿದಳು. ಉಳಿದದ್ದು ಬಂಡಿ, ಹೊಗೆ, ಒಂದು ನಲ್ಲಿ, ನಾಲ್ಕು ಜನ. ಮೇಲಿನಿಂದ ಕೆಳಗೆ ಮೂರು ಸಲ ನೋಡಿ, ಮೂವರೂ ತಲೆದೂಗಿ, ಕಳಿಸಿದರು.

ಎರಡು ನಿಮಿಷದಲ್ಲಿ ನೇತ್ರಾ ಅವರ ಉತ್ತರ ಬಂತು: "ಸಾರಿ, ಸುಮ್ಮನೆ ಅನುಮಾನಪಟ್ಟೆ. ನಿಧಾನವಾಗಿ ಬನ್ನಿ."

"ಡೀಸೆಲ್ ಬಂಡೀಲಿ ಬಂದವರು ಇಷ್ಟು ಬೆಳ್ಳಗೆ ಇರ್ತಾರೇನ್ರೀ?" ಎಂದು ಜಯತೀರ್ಥರು ರೊಟ್ಟಿ ಹಂಚಿನ ಮಸಿ ತೆಗೆದು ಅವನ ಅಂಗಿಗೂ ಹಣೆಗೂ ತಾವೇ ಹಚ್ಚಿದರು. ಅಮರೇಶಪ್ಪ ಸ್ಕೂಟರನ್ನು ನಾಚಾರಂನ ಚಹಾದಂಗಡಿಯ ಹಿಂದೆ ಬಚ್ಚಿಟ್ಟು, ನಡೆದು ಬಂದ. ಗೇಟಿನ ಕಾವಲುಗಾರ ಇವನಾರೋ ಭಿಕ್ಷೆಗೆ ಬಂದವನೆಂದು ಕೈ ಬೀಸಿ ಮುಂದೆ ಹೋಗೆಂದ. ಗುರುತಿನ ಚೀಟಿ ತೋರಿಸಿ ಒಳಗೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಸಾಹೇಬರು ಬಂದು ಕೂತಿದ್ದರು.

ಸಾಹೇಬರು ವಾರಂಗಲ್ ಕಡೆಯ ತೆಲುಗಿನವರು. "ಹೀಗೆ ತಡವಾಗಿ ಬರುವವನಿಗೆ ಇನ್‌ಚಾರ್ಜ್ ಕೊಡೋದೇ?" ಎಂದು ಹಿಂದಿಯಲ್ಲಿ ಕೇಳಿದರು.

"ಇವರದ್ದೇನೂ ತಪ್ಪಿಲ್ಲ ಸರ್," ಎಂದು ನೇತ್ರಾ ಮುಂದೆ ಬಂದು ಫೋಟೋ ತೋರಿಸಿದರು. ಅಮರೇಶಪ್ಪ ಮಸಿ ಕಾಣುವಂತೆ ಒಂದು ಹೆಜ್ಜೆ ಬೆಳಕಿಗೆ ಸರಿದು ನಿಂತ.

ಸಾಹೇಬರು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. ಅವರ ಕಣ್ಣು ನಲ್ಲಿಯ ಮೇಲಿದ್ದ ಸಣ್ಣ ಬೋರ್ಡಿಗೆ ಬಂದು ನಿಂತಿತು. "ಇಲ್ಲಿ ಎರಡನೆಯ ಪದ 'ನೀರು'. ತೆಲುಗಿನ ಹಾಗೇ ಇದೆ. ಮೊದಲನೆಯದು ಅರ್ಥವೇ ಆಗ್ತಿಲ್ಲವಲ್ಲ, ಏನದು?"

ಸಾಹೇಬರಿಗೆ ಬಾರದ್ದು ತನಗೆ ಬರುತ್ತದೆಂಬ ಖುಷಿ ಅಮರೇಶಪ್ಪನಿಗೆ ತಡೆಯಲಾಗಲಿಲ್ಲ. "ಕುಡಿಯುವ ನೀರು, ಸರ್! ಪೀನೇ ಕಾ ಪಾನಿ. ಕನ್ನಡ ಹೈ ಸರ್, ಹಮಾರಾ ಕನ್ನಡ!"

ಹೇಳಿ ಮುಗಿಸಿದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ನೇತ್ರಾ ನಾಲಿಗೆ ಕಚ್ಚಿಕೊಂಡರು. ಅವರೂ ಬೆಳಗಿನಿಂದ ಆ ಫೋಟೋ ನಾಲ್ಕು ಸಲ ನೋಡಿದ್ದರು. ಒಂದನೇ ತರಗತಿಯಿಂದ ಕಂಡ ಅಕ್ಷರವಲ್ಲವೇ! ಓದಿದ್ದೇ ಗೊತ್ತಾಗದಂತೆ ಓದಿಬಿಟ್ಟಿದ್ದರು.

"ಬೊಲಾರಂ ಸ್ಟೇಷನ್ನಿನಲ್ಲಿ ಬರೀ ಕನ್ನಡವೇ?" ಎಂದರು ಸಾಹೇಬರು ಮೆಲ್ಲಗೆ.

ಅಮರೇಶಪ್ಪ ಎಲ್ಲವನ್ನೂ ಒಪ್ಪಿಕೊಂಡ: ಬಂಗಾರಪೇಟೆ, ಕನಕಾಂಬರ, ರೊಟ್ಟಿ ಹಂಚು, ಚಹಾದಂಗಡಿಯ ಹಿಂದಿನ ಸ್ಕೂಟರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುತ್ತಲೇ, ನೇತ್ರಾ ಅವನ ಹೆಸರು ಬರೆದಿದ್ದ ಕಾಗದ ಎಳೆದುಕೊಂಡು, ಅದರಲ್ಲಿ ಒಂದು ಸಾಲು ಬರೆದು, ಸಹಿ ಮಾಡಿ, ಅವನ ಕೈಗೇ ಕೊಟ್ಟರು. ಸ್ಟೋರ್ಸ್ ಇನ್‌ಚಾರ್ಜ್, ಅಮರೇಶಪ್ಪ! ಅವನು ಕಾಲಿಗೆ ಬೀಳಲು ಬಗ್ಗಿದ. ಬಗ್ಗಿದಾಗ ಕೆಳಗಿನ ಸಾಲು ಕಾಣಿಸಿತು: ಕೋಲಾರದ ಹೊಸ ಗೋಡೌನ್, ಸೋಮವಾರದಿಂದ.

"ಅಲ್ಲಿಗೆ ಕನ್ನಡ ಓದೋರು ಬೇಕಿತ್ತು," ಎಂದರು ಸಾಹೇಬರು. "ಯಾರೂ ಒಪ್ಪಿರಲಿಲ್ಲ."

"ಸರ್, ಅಲ್ಲಿ ಬಂಡಿ ಏನಾದರೂ ಕೆಟ್ಟರೆ..." ಹನ್ನೊಂದು ವರ್ಷದ ನಾಲಿಗೆ ತಾನಾಗಿಯೇ ಹೊರಳಿತು.

"ಬಂಡಿ ಯಾಕೆ? ಕ್ವಾರ್ಟರ್ಸ್ ಗೋಡೌನಿನ ಮೇಲೇ ಇದೆ. ಹದಿನಾಲ್ಕು ಮೆಟ್ಟಿಲು."

ಸ್ಟೋರ್ಸ್ ಬೀಗದ ಕೈ ಚೇತನಕುಮಾರನಿಗೆ ಕೊಟ್ಟು, ಅಮರೇಶಪ್ಪ ಚಹಾದಂಗಡಿಯ ಹಿಂದೆ ಸ್ಕೂಟರಿನ ಮೇಲೆ ಕೂತು ಹೆಂಡತಿಗೆ ಫೋನ್ ಹಚ್ಚಿದ. ಗಿರಿಜಾಬಾಯಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಒಂದೇ.

"ಕೋಲಾರದಾಗ ನೀರಿಂದು ಭಾಳ ತ್ರಾಸ ಅಂತಾರಲ್ರಿ. ಅಲ್ಲೆ ಕುಡಿಯಾಕ ನೀರರ ಬರ್ತಾವೇನು?"

ಅಮರೇಶಪ್ಪ ಫೋಟೋ ತೆಗೆದು ನಲ್ಲಿಯನ್ನು ದೊಡ್ಡದು ಮಾಡಿ ನೋಡಿದ. ಬಾಯಿ ಬಿಟ್ಟ ನಲ್ಲಿಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

"ನೀರಿಂದು ಗೊತ್ತಿಲ್ಲ," ಎಂದ. "ಬೋರ್ಡ್ ಅಂತೂ ಐತಿ."