ಹಸಿವಿಲ್ಲದ ಬೀಸುಕಲ್ಲು

ಈಗಿನ ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಬೆವರು ಬರದ ಡೊಳ್ಳು, ಉಸಿರು ಬೇಡದ ಕೊಳಲು, ಇಸ್ತ್ರಿ ಹೊಡೆದಂಥ ದನಿ! ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ಹಾಡು ಹಚ್ಚಿ, "ಅಜ್ಜೀ, ಇದು ಪಕ್ಕಾ ಜಾನಪದ" ಎಂದಳು. ನೋಡಿದೆ. ಅದರಲ್ಲಿ ಜಾನಪದ ಅಂತ ಇದ್ದದ್ದು ಹಾಡುವವನ ಹೆಗಲ ಮೇಲಿನ ಕಂಬಳಿ ಒಂದೇ. ಅದಕ್ಕೂ ಅಂಗಡಿಯ ಮಡಿಕೆ ಹೋಗಿರಲಿಲ್ಲ.

ಹೀಗೆ ತೀರ್ಪು ಕೊಡುವ ಅಧಿಕಾರ ನಿನಗೆಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಕೇಳಲಿ. ಅಸಲಿ ಸಂಗೀತದ ಸಲುವಾಗಿ ಬೀಸುಕಲ್ಲನ್ನು ಬಸ್ಸಿನಲ್ಲಿ ಬಾಗಲಕೋಟೆಗೆ ಒಯ್ದವಳು ನಾನು!

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಇಳಕಲ್ಲಿನ ನೇಕಾರರ ಮನೆಯ ಸೊಸೆ. ನಮ್ಮವರು ಮಗ್ಗದ ಕುಣಿಯಲ್ಲಿ, ನಾನು ಅಡುಗೆ ಮನೆಯಲ್ಲಿ, ಅತ್ತೆ ಎರಡೂ ಕಡೆ ಕಾಣುವಂತೆ ನಡುವಿನ ಹೊಸ್ತಿಲ ಮೇಲೆ. ಓಣಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷ ಆಗಿದ್ದರೂ ಅತ್ತೆ ತಮ್ಮ ರೊಟ್ಟಿಯ ಜೋಳ ಮಾತ್ರ ಮನೆಯ ಕಲ್ಲಿನಲ್ಲೇ ಬೀಸಿಸುತ್ತಿದ್ದರು. ಬೀಸುವಾಗ ಹಾಡಬೇಕು. ಆ ಹಾಡುಗಳು ಅತ್ತೆಯ ತಾಯಿಯಿಂದ ಬಂದವು, ಒಂದು ಗಂಟು ತುಂಬ ಇದ್ದವು. ಅತ್ತೆ ಆ ಗಂಟನ್ನು ಬಿಚ್ಚುತ್ತಿದ್ದುದು ಮಾತ್ರ ಜಿಪುಣರ ಹಾಗೆ. ವರ್ಷಕ್ಕೆ ಒಂದು ಹಾಡು, ಅದೂ ನಾನು ತಪ್ಪು ಮಾಡದಿದ್ದರೆ.

ಒಂದು ಮದುವೆಯಲ್ಲಿ ನಾನು ಹಾಡಿದ್ದನ್ನು ಕೇಳಿ ಶೇಖರಪ್ಪ ಎನ್ನುವವನು ಮನೆಗೆ ಬಂದ. ಬಾಗಲಕೋಟೆಯಲ್ಲಿ ಹಾಡು ರೆಕಾರ್ಡು ಮಾಡಿ ಕ್ಯಾಸೆಟ್ಟು ತೆಗೆಯುವುದು ಅವನ ಉದ್ಯೋಗ.

"ಬೀಸೂ ಪದದ ಕ್ಯಾಸೆಟ್ಟು ತಗೀಬೇಕಂತ ಮಾಡೇನ್ರಿ. ಅಸಲಿ ಮಾಲು ಬೇಕ್ರಿ, ಅಸಲಿ" ಎಂದ.

ಅತ್ತೆಯ ಗಂಟಲು ಆಗ ಒಡೆದಿತ್ತು. ಹಾಡುವವಳು ನಾನೇ ಎಂದಾಯಿತು. ಅತ್ತೆ ಒಂದೇ ಕರಾರು ಹಾಕಿದರು.

"ಹಾಡಿನ ಸಂಗಾಟ ಕಲ್ಲೂ ಕೇಳಬೇಕು. ಕಲ್ಲಿಲ್ಲದ ಬೀಸೂ ಪದ ಅಂದ್ರ ಗಂಡಿಲ್ಲದ ಮದವಿ. ಕಲ್ಲು ಕೇಳಿಸಿದ್ರ ಉಳದ ಹಾಡೆಲ್ಲಾ ನಿನಗ ಕಲಿಸ್ತೇನಿ. ಇಲ್ಲಂದ್ರ ಅವು ನನ್ನ ಜೋಡೀನ ಮ್ಯಾಲ ಹೋಗ್ತಾವು."

"ಅತ್ಯಾರ, ಅದರ ಚಿಂತಿ ಬಿಡ್ರಿ. ನಮ್ಮ ಕಲ್ಲಿನ ಸಪ್ಪಳ ನೂರು ಕಲ್ಲಿನಾಗ ಇಟ್ಟರೂ ಗುರ್ತ ಹಿಡೀತೇನಿ!" ಎಂದೆ.

ನನ್ನ ಸ್ವಭಾವವೇ ಹಾಗೆ. ಬೀಳುವ ಮುಂಚೆ ಎತ್ತರದ ಜಾಗ ಹುಡುಕಿಕೊಳ್ಳುತ್ತೇನೆ.

ಎರಡು ಗೋಣಿಚೀಲದಲ್ಲಿ ಎರಡು ಕಲ್ಲು, ಒಂದು ಕೈಚೀಲದಲ್ಲಿ ಜೋಳ. ನಮ್ಮವರು ಹೊತ್ತರು, ನಾನು ದಾರಿ ತೋರಿಸಿದೆ. ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಚೀಲ ಸರಿಯಲಿಲ್ಲ, ಅವನ ಮುಖ ಸೊಟ್ಟಗೆ ಸರಿಯಿತು.

"ಯಕ್ಕಾ, ಏನೈತಿ ಇದರಾಗ?"

"ಕಲ್ಲು."

"ಬಾಗಲಕೋಟ್ಯಾಗ ಕಲ್ಲಿಲ್ಲೇನ್ ಬೇ?"

"ಅದಾವು. ಅವಕ್ಕ ಹಾಡಾಕ ಬರೂದಿಲ್ಲ."

ಕಂಡಕ್ಟರ್ ನಮ್ಮವರ ಮುಖ ನೋಡಿದ. ನಮ್ಮವರು ಕಿಟಕಿಯ ಹೊರಗೆ ನೋಡಿದರು, ಅಪರಿಚಿತರ ಹಾಗೆ. ಹುನಗುಂದ ದಾಟಿದ ಮೇಲೆ ಒಂದು ತಿರುವಿನಲ್ಲಿ ಮೇಲಿನ ಕಲ್ಲು ಚೀಲ ಹರಿದುಕೊಂಡು ಹೊರಟಿತು. ಸೀಟುಗಳ ನಡುವೆ ಉರುಳುತ್ತ, ಜನರ ಕಾಲುಗಳನ್ನೆಲ್ಲ ಮೇಲೆತ್ತಿಸುತ್ತ ಹೋಗಿ ಒಬ್ಬ ಮುದುಕಿಯ ಬದನೆಕಾಯಿ ಬುಟ್ಟಿಗೆ ಆತುಕೊಂಡು ನಿಂತಿತು. ಆಮೇಲೆ ಅವು ಬದನೆಕಾಯಿ ಆಗಿರಲಿಲ್ಲ, ಬಜ್ಜಿ ಆಗಿದ್ದವು. ಮುದುಕಿ ಬಾಗಲಕೋಟೆ ಬರುವವರೆಗೂ ನಮ್ಮ ವಂಶವನ್ನು ಒಬ್ಬೊಬ್ಬರನ್ನಾಗಿ ನೆನೆದಳು. ಅವಳ ದನಿ ಮಾತ್ರ ಪಕ್ಕಾ ಅಸಲಿ!

ರೆಕಾರ್ಡಿಂಗಿನ ಕೋಣೆ ಒಂದು ಅರಿವೆ ಅಂಗಡಿಯ ಮಾಳಿಗೆಯ ಮೇಲಿತ್ತು. ಸದ್ದು ತಡೆಯಲೆಂದು ಗೋಡೆಗೆಲ್ಲ ಹಳೆ ಬಟ್ಟೆಯ ಕೌದಿ ಹೊಡೆದಿದ್ದರು. ಮೂಲೆಯಲ್ಲಿ ಕೀಬೋರ್ಡ್ ಮಾಸ್ತರ ಕುಳಿತಿದ್ದ. ಅವನ ಮುಂದೆ ಹಲ್ಲು ಕಿಸಿದಂಥ ಒಂದು ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ತಬಲಾ, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದು ಒತ್ತಿದರೆ ಮಳೆ. ಬೇಸಿಗೆಯಲ್ಲಿ ಮಳೆ!

"ಎಲ್ಲಾ ಇದರಾಗ ಐತ್ರಿ ಅಕ್ಕಾರ" ಎಂದ ಮಾಸ್ತರ, ಪೆಟ್ಟಿಗೆಯ ಬೆನ್ನು ಸವರುತ್ತ.

"ನಾಚಿಕಿ ಐತೇನು?" ಎಂದೆ.

"ಆ ಗುಂಡಿ ಇನ್ನಾ ಬಂದಿಲ್ರಿ" ಎಂದ. ನಮ್ಮವರು ಕಿಸಕ್ಕನೆ ನಕ್ಕರು. ಆ ಕ್ಷಣದಿಂದ ಅವರಿಬ್ಬರೂ ದೋಸ್ತರಾದರು. ಅದನ್ನು ನಾನು ಗಮನಿಸಬೇಕಿತ್ತು.

ನಡುಕೋಣೆಯಲ್ಲಿ ಕಲ್ಲು ಹೂಡಿ, ಕಾಲು ಚಾಚಿ ಕುಳಿತು, ಬಾಯಿಗೆ ಹಿಡಿ ಜೋಳ ಹಾಕಿ ಬೀಸತೊಡಗಿದೆ. ಬಾಯಿ ಅಂದರೆ ಕಲ್ಲಿನದು. ಹಾಡು ಶುರು ಮಾಡಿ ಎರಡು ನುಡಿ ಆಗಿರಲಿಲ್ಲ, ಶೇಖರಪ್ಪ ಕಿವಿಯ ಮೇಲಿನ ಡಬ್ಬಿ ಕಿತ್ತೆಸೆದು ಓಡಿ ಬಂದ.

"ಯಕ್ಕಾ, ನಿಂದ್ರಸ್ರಿ! ಟ್ರ್ಯಾಕ್ಟರ್ ಹೊಂಟಂಗ ಕೇಳಾಕತ್ತೈತಿ!"

ಮೈಕು ದೂರ ಸರಿಸಿದ. ಲಾರಿ ಹೋದಂತೆ ಕೇಳಿತಂತೆ. ಕಲ್ಲಿನ ಕೆಳಗೆ ಗೋಡೆಯ ಕೌದಿ ಬಿಚ್ಚಿ ಹಾಸಿದ. ಈಗ ಬೀಸಿದರೆ ಕಲ್ಲು ಕೌದಿಯ ಸಮೇತ ಕೋಣೆಯ ತುಂಬ ತಿರುಗಾಡಿತು. ಹಿಟ್ಟು ಹಾರಿ ಮಾಸ್ತರನ ಮೀಸೆ ಬೆಳ್ಳಗಾಯಿತು, ಪೆಟ್ಟಿಗೆ ತಾನೇ ತಾನಾಗಿ ಪಿಟೀಲು ಬಾರಿಸಿತು. ಅಷ್ಟರಲ್ಲಿ ಕೆಳಗಿನ ಅಂಗಡಿಯ ಸಾವಕಾರ ತಲೆಯ ತುಂಬ ಗಾರೆಯ ಪುಡಿ ಹೊತ್ತು ಮೆಟ್ಟಿಲು ಹತ್ತಿ ಬಂದ.

"ಹಾಡಾಕ ಬಂದೀರೋ, ಮಾಳಿಗಿ ಕೆಡವಾಕ ಬಂದೀರೋ? ಮದವಿ ಸೀರಿ ನೋಡೋ ಹೆಣಮಗಳ ಮ್ಯಾಲ ಮಣ್ಣು ಬೀಳಾಕತ್ತೈತಿ!"

ಕೊನೆಗೆ ರಾಜಿಯಾಯಿತು. ಕಲ್ಲಿನ ಸಪ್ಪಳ ಬೇರೆ, ನನ್ನ ಹಾಡು ಬೇರೆ. ಎರಡನ್ನೂ ಆಮೇಲೆ ಕೂಡಿಸುತ್ತೇನೆ ಎಂದು ಶೇಖರಪ್ಪ ಆಣೆ ಮಾಡಿದ. ನಾನು ಮೊದಲು ಬರೀ ಬೀಸಿದೆ. ಆಮೇಲೆ ಬರೀ ಹಾಡಿದೆ. ಕೈಯಲ್ಲಿ ಕಲ್ಲಿನ ಗೂಟ ಇಲ್ಲದೆ ದನಿ ಏಳಲೊಲ್ಲದು. ನಮ್ಮವರು ಕೊಡೆಯ ಹಿಡಿಕೆ ಕೊಟ್ಟರು. ಗಾಳಿಯಲ್ಲಿ ಕೊಡೆ ತಿರುವುತ್ತ ಆರು ಹಾಡು ಹಾಡಿದೆ. ಮಾಸ್ತರ ನಗಲಿಲ್ಲ, ನಕ್ಕಿದ್ದರೆ ಕೊಡೆ ಕೈಯಲ್ಲೇ ಇತ್ತು.

ಎರಡು ತಿಂಗಳಿಗೆ ಕ್ಯಾಸೆಟ್ಟು ಬಂತು. ಟೇಪು ಇದ್ದ ಮನೆಯಿಂದ ಟೇಪು ತಂದೆ. ಪಕ್ಕದ ಮನೆಯ ಪಾರವ್ವನನ್ನೂ ಓಣಿಯ ಹೆಂಗಸರನ್ನೂ ಕರೆದೆ. ಅತ್ತೆ ಹೊಸ್ತಿಲ ಮೇಲೆ ಕಣ್ಣುಮುಚ್ಚಿ ಕುಳಿತರು. ಗುಂಡಿ ಒತ್ತಿದೆ. ಗರ್... ಗರ್... ಗರ್... ಏನು ಸಪ್ಪಳ! ಅದರ ಮೇಲೆ ನನ್ನ ದನಿ!

"ಕೇಳ್ರೆವ್ವಾ! ಇದು ನಮ್ಮ ಕಲ್ಲು!" ನಾನು ಎದ್ದೇ ನಿಂತೆ. "ಸುತ್ತಿಗೊಮ್ಮೆ ಸಣ್ಣಂಗ ಟಕ್ ಅಂತೈತಿ ನೋಡ್ರಿ, ಅದು ನಮ್ಮ ಕಲ್ಲಿನ ಅಂಚು ಒಡದದ್ದು. ಆ ಮಾಸ್ತರ ಸಾವಿರ ಗುಂಡಿ ಒತ್ತಲಿ, ಇಂಥಾ ಸಪ್ಪಳ ಬರಬೇಕಂದ್ರ ಏಳು ಜನ್ಮ ಬೇಕು!"

"ಖರೇನ ಬೇ, ಎದುರಿಗೆ ಕುಂತು ಬೀಸಿದಂಗ ಐತಿ" ಎಂದಳು ಪಾರವ್ವ. ಎಲ್ಲರೂ ತಲೆದೂಗಿದರು. ಮಗ್ಗದ ಕುಣಿಯಲ್ಲಿ ನಮ್ಮವರಿಗೆ ಯಾಕೋ ಕೆಮ್ಮು ಹತ್ತಿತು.

ಒಂದು ಮಗ್ಗಲು ಪೂರ್ತಿ ಮುಗಿಯಿತು. ಅತ್ತೆ ಕಣ್ಣು ತೆರೆದರು.

"ಕಾಳು ಯಾವಾಗ ಹಾಕಿದಿ?"

"ಹಾಂ?"

"ಕಾಳು. ಕಲ್ಲಿಗೆ ಕಾಳು ಯಾವಾಗ ಹಾಕಿದಿ?"

"ಹಾಕೇನ್ರಿ ಅತ್ಯಾರ, ಮತ್ತ ಮತ್ತ ಹಿಡಿ ತುಂಬ ಹಾಕೇನಿ."

"ಹಂಗಾರ ಸಪ್ಪಳ ಯಾಕ ಬದಲಾಗವಲ್ದು? ಕಾಳು ಬಿದ್ದ ಕೂಡಲೆ ಕಲ್ಲು ಮೆತ್ತಗ ಮಾತಾಡತೈತಿ. ಕಾಳು ತೀರಿದಂಗ ಒಣಗಿ ಒದರತೈತಿ. ಇದು ಅರ್ಧ ತಾಸಾತು, ಒಂದಾ ನಮೂನಿ ಗರ್ ಅನ್ನಾಕತ್ತೈತಿ. ಈ ಕಲ್ಲಿಗೆ ಹಸಿವಿಲ್ಲ ಬಿಡವ್ವಾ. ಹಸಿವಿಲ್ಲದ್ದು ಕಲ್ಲಲ್ಲ."

ಇನ್ನೊಮ್ಮೆ ಹಚ್ಚಿ ಕೇಳಿದೆವು. ಗರ್, ಗರ್, ಗರ್, ಟಕ್. ಗರ್, ಗರ್, ಗರ್, ಟಕ್. ಶುರುವಿನಿಂದ ಕೊನೆಯವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಂಗಸರು ನನ್ನ ಮುಖ ನೋಡಿದರು. ನಾನು ಮಗ್ಗದ ಕಡೆ ನೋಡಿದೆ.

"ನೀವು ಯಾಕ ಕೆಮ್ಮಿದ್ರಿ?"

ನಮ್ಮವರು ಕುಣಿಯಿಂದ ತಲೆ ಎತ್ತಲಿಲ್ಲ. "ನೀ ಬೀಸಿದ್ದು ಟ್ರ್ಯಾಕ್ಟರ್ ಹಂಗ ಬಂದಿತ್ತಂತ. ಅದನ್ನ ಅಳಿಸಿ ಮಾಸ್ತರ ತನ್ನ ಪೆಟಿಗ್ಯಾಗಿಂದು ಹಾಕಿದ. ಆ ಟಕ್ ಅನ್ನೂದು ಅವನ ಗುಂಡಿ ಸಪ್ಪಳ. ನಿನ್ನ ಮುಂದ ಹೇಳಬ್ಯಾಡ್ರಿ, ಕೊಡಿ ತಗೋತಾಳ ಅಂದಿದ್ದ."

ಪಾರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಅವಳ ಹಿಂದೆ ಓಣಿಯೇ ಓಡಿತು. ಅತ್ತೆ ಮಾತ್ರ ನಗಲಿಲ್ಲ.

"ಪೆಟಿಗಿ ಸುಳ್ಳು ಹೇಳಿತು, ಇರಲಿ. ಅದಕ್ಕೇನು ಕಿವಿ ಐತೇನು? ದಿನಾ ಬೀಸೂ ನಿನಗ ಗೊತ್ತಾಗಲಿಲ್ಲಲ್ಲ! ಉಳದ ಹಾಡಿನ ಮಾತು ತಗೀಬ್ಯಾಡ."

ಆ ರಾತ್ರಿ ನನಗೆ ನಿದ್ದೆಯಿಲ್ಲ. ಹಾಡಿನ ಗಂಟು ಕಣ್ಣೆದುರೇ ಮುಚ್ಚಿಹೋಗಿತ್ತು. ಬೆಳಗಾಗುತ್ತಲೇ ಕಲ್ಲಿನ ಮುಂದೆ ಕುಳಿತೆ. ಅತ್ತೆಗೆ ಕೇಳಿಸಲಿ ಎಂದೇ ದನಿ ಎತ್ತಿ, ಬೀಸುತ್ತ ಹಾಡಿದೆ. ಕ್ಯಾಸೆಟ್ಟಿನ ಮೊದಲ ಹಾಡು ಆದಿಯಿಂದ ಅಂತ್ಯದವರೆಗೆ ತಪ್ಪಿಲ್ಲದೆ, ತಡೆಯಿಲ್ಲದೆ, ಒಂದೇ ಲಯದಲ್ಲಿ. ಎಂಥ ಹಿಡಿತ! ಮಾಸ್ತರ ಕೇಳಬೇಕಿತ್ತು ಅಂದುಕೊಂಡೆ. ಒಳಗಿನಿಂದ ಅತ್ತೆಯ ಸದ್ದೇ ಇಲ್ಲ. ಒಪ್ಪಿಕೊಂಡರು ಎಂದು ಹಿಗ್ಗಿ, ಬುಟ್ಟಿಯಲ್ಲಿದ್ದ ಹಿಟ್ಟಿಗೆ ಕಲ್ಲಿನ ಸುತ್ತ ಉದುರಿದ್ದನ್ನೂ ಬಳಿದು ಹಾಕಿ ರೊಟ್ಟಿ ಬಡಿದೆ.

ಊಟಕ್ಕೆ ಕುಳಿತ ನಮ್ಮವರು ಮೊದಲ ತುತ್ತು ಕಡಿದರು. ಕರ್ ಎಂದಿತು. ಇನ್ನೊಂದು ಕಡೆ ಕಡಿದರು. ಕರ್!

"ಹಾಡು ಮುಗಿಯೂತನಾ ಒಂದು ಹಿಡಿ ಕಾಳು ಹಾಕಿಲ್ಲಪಾ ನಿನ್ನ ಹೇಣತಿ. ಬರೇ ಕಲ್ಲಿಗೆ ಕಲ್ಲು ತಿಕ್ಕಿದಳು. ನಾ ಎಣಸಾಕತ್ತಿದ್ದೆ" ಎಂದರು ಅತ್ತೆ, ತಮ್ಮ ತಟ್ಟೆಯನ್ನು ದೂರ ಸರಿಸುತ್ತ.

ನಮ್ಮವರು ನಾಲಿಗೆಯ ಮೇಲಿನ ಹರಳನ್ನು ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಅಬಾಬಾ! ಇದು ಮಾತ್ರ ಅಸಲಿ ನೋಡು!"

ನಾನು ಕರ್ ಎನ್ನದಂತೆ ದವಡೆ ಹಿಡಿದು ಕುಳಿತೆ. ನನ್ನ ಬಾಯಲ್ಲೂ ಒಂದು ತುತ್ತಿತ್ತು.